ಪದಚರ್ಚೆ: ಒಂದು ಮಾನಿಟರ್, ಎರಡು ಕಂಪ್ಯೂಟರ್ – ಇದಕ್ಕೆ ‘ಹಂಚಿಕೊಳ್ಳು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಒಂದೇ ಮಾನಿಟರನ್ನು ಎರಡು ಕಂಪ್ಯೂಟರಿಗೆ ಒದಗಿಸುವ ಡಬ್ಬಿಯ ಗುಂಡಿಗೆ ಅಂಟಿಸಲು ಒಂದು ಚೀಟಿ ಬರೆಯಲು ಕೂತು ಸಿಕ್ಕಿಹಾಕಿಕೊಂಡಿದ್ದೇನೆ. ಬೆರಳಗಲದ ಚೀಟಿ, ಎರಡು ಮೂರು ಪದ ಹಿಡಿಸಿದರೆ ಹೆಚ್ಚು. ನಿಮ್ಮ ನೆರವು ಬೇಕು.

ಕೋಲಾರದ ಕಡೆ ನಮ್ಮ ಭಾವನದು ತಾಲೂಕು ಕಚೇರಿ ಎದುರಿಗೆ ಒಂದು ಡಿಟಿಪಿ ಅಂಗಡಿ ಇದೆ. ಅಲ್ಲಿ ಎರಡು ಕಂಪ್ಯೂಟರ್. ಹಳೆಯದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ. ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ರಸೀದಿ ಪುಸ್ತಕ ಎಲ್ಲವೂ ಹಳೆಯ ನುಡಿ ಫಾಂಟಿನಲ್ಲೇ ಇವೆ. ಯೂನಿಕೋಡಿಗೆ ತಂದರೆ ಸಾಲು ಎಲ್ಲೆಲ್ಲೋ ಮುರಿಯುತ್ತದೆ. ಹಾಗಾಗಿ ಆ ಯಂತ್ರವನ್ನು ಬಿಸಾಡುವ ಹಾಗಿಲ್ಲ. ಹೊಸದರಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ಆನ್‌ಲೈನ್ ಅರ್ಜಿ. ಮೇಜು ಮಾತ್ರ ಚಿಕ್ಕದು. ಎರಡು ಮಾನಿಟರ್ ಇಟ್ಟರೆ ಗಿರಾಕಿ ಸಹಿ ಹಾಕಲು ಜಾಗ ಉಳಿಯುವುದಿಲ್ಲ. ಇರುವ ಒಂದೇ ಮಾನಿಟರಿನಲ್ಲಿ ಒಂದೇ ಎಚ್‌ಡಿಎಂಐ ತೂತು. ದಿನಕ್ಕೆ ಹತ್ತು ಸಲ ಕೇಬಲ್ ಕಿತ್ತು ಹಾಕಿ ಅದೂ ಸಡಿಲವಾಗಿತ್ತು.

ಭಾವ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಅಂಗಡಿಗೆ ಹೊಕ್ಕು, ‘ಮಾನಿಟರ್ ಒಂದಿದೆ, ಕಂಪ್ಯೂಟರ್ ಎರಡಿದೆ, ಹಂಚಿಕೊಳ್ಳೋ ಬಾಕ್ಸ್ ಕೊಡಿ’ ಎಂದು ಕೇಳಿದರಂತೆ. ಅಂಗಡಿಯವನು ಕೊಟ್ಟದ್ದು ಸ್ಪ್ಲಿಟರ್. ಅದರ ಕೆಲಸ ಉಲ್ಟಾ. ಒಂದು ಕಂಪ್ಯೂಟರಿನ ಚಿತ್ರವನ್ನು ಎರಡು ಮಾನಿಟರಿಗೆ ಕಳಿಸುತ್ತದೆ. ನಮಗೆ ಬೇಕಿದ್ದದ್ದು ಸ್ವಿಚ್, ಎರಡು ಕಂಪ್ಯೂಟರಿನಲ್ಲಿ ಒಂದನ್ನು ಆರಿಸಿ ಮಾನಿಟರಿಗೆ ಕೊಡುವುದು. ನೋಡಲು ಎರಡೂ ಅವಳಿ-ಜವಳಿ, ಮೂರು ಮೂರು ತೂತಿನ ಕರಿ ಡಬ್ಬಿ. ಒಂದಕ್ಕೆ ಒಳಬಾಗಿಲು ಒಂದು, ಹೊರಬಾಗಿಲು ಎರಡು. ಇನ್ನೊಂದಕ್ಕೆ ಒಳಬಾಗಿಲು ಎರಡು, ಹೊರಬಾಗಿಲು ಒಂದು. ಮನೆಗೆ ತಂದು ಜೋಡಿಸಿದರೆ ಏನೂ ಬರಲಿಲ್ಲ. ಭಾವ ಅಂಗಡಿಯವನನ್ನು ಬೈದರು. ನನಗೇನೋ ಅವನದು ತಪ್ಪು ಅನ್ನಿಸಲಿಲ್ಲ. ‘ಹಂಚು’ ಅಂದಾಗ ಅವನಿಗೆ ಹಂಚುವ ಡಬ್ಬಿಯೇ ಹೊಳೆದಿದೆ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಹಳಗನ್ನಡದ ‘ಪಂಚು’ ನಮ್ಮ ಬಾಯಲ್ಲಿ ‘ಹಂಚು’ ಆಯಿತು. ಪ್ರಸಾದ ಹಂಚುತ್ತೇವೆ, ಸೀಟುಗಳನ್ನು ಹಂಚುತ್ತೇವೆ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುತ್ತಾರೆ. ಎಲ್ಲದರಲ್ಲೂ ಇದ್ದದ್ದು ತುಂಡಾಗಿ ಒಬ್ಬೊಬ್ಬರ ಕೈಗೆ ಒಂದೊಂದು ಪಾಲು ಬರುತ್ತದೆ. ಫೇಸ್‌ಬುಕ್ಕಿನ ‘ಹಂಚಿಕೊಳ್ಳಿ’ ಕೂಡ ಒಗ್ಗಿತು, ಯಾಕೆಂದರೆ ಅಲ್ಲೂ ಒಂದು ಫೋಟೋ ಹಲವರ ಕೈಗೆ ಹೋಗುತ್ತದೆ. ಆದರೆ ಮಾನಿಟರ್? ಹಳೆಯ ಕಂಪ್ಯೂಟರ್ ಅದರಲ್ಲಿ ಕಾಣುವಷ್ಟು ಹೊತ್ತು ಇಡೀ ಮಾನಿಟರ್ ಅದರದ್ದೇ. ಹೊಸದಕ್ಕೆ ಚೂರೂ ಇಲ್ಲ.

ಯಂತ್ರದ ಒಳಗೂ ಹಾಗೇ ನಡೆಯುತ್ತದೆ. ಮಾನಿಟರ್ ತಾನು ಯಾರು, ಎಷ್ಟು ಅಗಲ, ಎಷ್ಟು ಎತ್ತರ ಎಂಬುದನ್ನು ಕನಿಷ್ಠ 128 ಬೈಟಿನ ಒಂದು ಪರಿಚಯ ಚೀಟಿಯಲ್ಲಿ ಇಟ್ಟುಕೊಂಡಿರುತ್ತದೆ. ಇಡಿಐಡಿ ಅನ್ನುತ್ತಾರೆ. ಜೋಡಿಸಿದ ಕೂಡಲೇ ಕಂಪ್ಯೂಟರ್ ಅದನ್ನು ಓದುತ್ತದೆ. ಅಗ್ಗದ ಸ್ವಿಚ್‌ಗಳಲ್ಲಿ ಈಚೆ ತಿರುಗಿಸಿದರೆ ಆಚೆಯ ಕಂಪ್ಯೂಟರಿಗೆ ಮಾನಿಟರನ್ನೇ ಕಿತ್ತುಕೊಂಡು ಹೋದ ಹಾಗೆ. ಮತ್ತೆ ಅದರ ಕಡೆ ತಿರುಗಿಸಿದಾಗ ಹೊಸ ನೆಂಟ ಬಂದ ಹಾಗೆ ಪರಿಚಯದಿಂದಲೇ ಶುರು. ತೆರೆ ಒಂದೆರಡು ಸೆಕೆಂಡ್ ಕಪ್ಪಾಗಿರುವುದು ಅದಕ್ಕೇ. ಇದನ್ನು ಹಂಚಿಕೊಂಡು ಬಾಳುವುದು ಅನ್ನಲು ನನಗೆ ಮನಸ್ಸಿಲ್ಲ.

ನಿಜವಾಗಿ ಹಂಚುವ ಮಾನಿಟರ್‌ಗಳೂ ಇವೆ, ಮರೆಮಾಚಬಾರದು. 34 ಇಂಚಿನ ಅಗಲದ ಕೆಲವು ಮಾನಿಟರ್‌ಗಳಲ್ಲಿ ಎಡಕ್ಕೆ ಒಂದು ಕಂಪ್ಯೂಟರ್, ಬಲಕ್ಕೆ ಇನ್ನೊಂದು ಒಟ್ಟಿಗೇ ಕಾಣುತ್ತವೆ. ಅದು ಹೊಲಕ್ಕೆ ಬದು ಹಾಕಿ ಭಾಗ ಮಾಡಿಕೊಂಡ ಹಾಗೆ. ಅದಕ್ಕೆ ‘ಹಂಚಿಕೊಳ್ಳು’ ಧಾರಾಳವಾಗಿ ಸಲ್ಲುತ್ತದೆ.

ನಮ್ಮ ಅಂಗಡಿಯದು ಸರದಿ. ಇಡಿಯಾದ ಒಂದು ವಸ್ತು, ಒಬ್ಬರಾದ ಮೇಲೆ ಒಬ್ಬರಿಗೆ. ಇದಕ್ಕೆ ಕನ್ನಡದಲ್ಲಿ ಪದಕ್ಕೇನೂ ಬರವಿಲ್ಲ. ಸರದಿ ಇದೆ, ಸರತಿ ಇದೆ, ಪಾಳಿ ಇದೆ. ಪಾಳಿ ಅಂದರೆ ನಮ್ಮ ಕಡೆಯವರಿಗೆ ಕಾರ್ಖಾನೆಯ ರಾತ್ರಿ ಪಾಳಿಯೇ ನೆನಪಾಗುತ್ತದೆ. ಧಾರವಾಡದ ಕಡೆಯವರು ‘ಪಾಳಿ ಹಚ್ಚಿ ನಿಲ್ಲು’ ಅಂದರೆ ಸಾಲಿನಲ್ಲಿ ನಿಲ್ಲು ಎಂದು. ಕೃಷ್ಣಾ ಕಾಲುವೆಗಳ ಸುದ್ದಿಯಲ್ಲಿ ‘ವಾರಬಂದಿ’ ಅಂತ ಓದುತ್ತೇವೆ, ಇಷ್ಟು ದಿನ ನೀರು, ಇಷ್ಟು ದಿನ ಬಂದ್.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನನಗೆ ಈ ಡಬ್ಬಿ ನೋಡಿದಾಗೆಲ್ಲ ನೆನಪಾಗುವುದು ನೀರುಗಂಟಿ. ಕೆರೆಯ ತೂಬು ಎತ್ತುವವನು ಅವನು. ಕಾಲುವೆಯಲ್ಲಿ ನೀರು ಬರುತ್ತಿರುವಾಗ ಒಂದು ಗದ್ದೆಯ ಬಾಯಿಗೆ ಮಣ್ಣು ಹಾಕಿ ಮುಚ್ಚುತ್ತಾನೆ, ಪಕ್ಕದ ಗದ್ದೆಯ ಬಾಯಿ ಬಿಡಿಸುತ್ತಾನೆ. ಗುದ್ದಲಿಯ ಎರಡು ಏಟಿನ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ತಲೆಯಲ್ಲಿರುತ್ತದೆ. ಅವನು ಬರುವುದು ತಡವಾದರೆ ಜಗಳ. ಹೋಲಿಕೆಯಲ್ಲಿ ಒಂದು ಎಡವಟ್ಟಿದೆ ಅನ್ನಿ. ಅಲ್ಲಿ ಒಂದು ಕೆರೆಯ ನೀರು ಹಲವು ಗದ್ದೆಗೆ ಹೋಗುತ್ತದೆ. ಇಲ್ಲಿ ಎರಡು ಕೆರೆ, ಒಂದೇ ಗದ್ದೆ. ಆದರೂ ಇದನ್ನು ಮುಚ್ಚಿ ಅದನ್ನು ಬಿಡು ಎಂಬ ಕೈಕೆಲಸ ಅದೇ.

ಇನ್ನು ಡಬ್ಬಿಯ ಹೆಸರು. ಸ್ಪ್ಲಿಟರ್ ವಾಪಸ್ ಕೊಟ್ಟು ಈಗ ತಂದಿರುವುದು ಕೆವಿಎಂ ಸ್ವಿಚ್. ಕೀಬೋರ್ಡ್, ವಿಡಿಯೋ, ಮೌಸ್ ಮೂರೂ ಒಂದೇ ಗುಂಡಿಗೆ ಅತ್ತಿಂದಿತ್ತ ಆಗುತ್ತವೆ. ಇದನ್ನು ‘ಕೀಲಿಮಣೆ-ದೃಶ್ಯ-ಮೂಷಕ ಪರಿವರ್ತಕ’ ಅಂದರೆ ಭಾವ ನನ್ನನ್ನು ಅಂಗಡಿಗೆ ಸೇರಿಸುವುದಿಲ್ಲ. ‘ಪರಿವರ್ತಕ’ ಬೇರೆ ಆಗಲೇ ಬೀದಿಯ ಟ್ರಾನ್ಸ್‌ಫಾರ್ಮರಿನ ಪಾಲಾಗಿದೆ.

ಅಂಗಡಿಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಮಾತ್ರ ಡಬ್ಬಿ ನೋಡಿದ ತಕ್ಷಣ, ‘ಓ, ಚೇಂಜೋವರ್ರಾ’ ಅಂದ. ಕೆಇಬಿ ಲೈನ್ ಹೋದಾಗ ಜನರೇಟರ್ ಕಡೆಗೆ ತಿರುಗಿಸುತ್ತೇವಲ್ಲ, ಆ ಹಿಡಿ ಇರುವ ದೊಡ್ಡ ಸ್ವಿಚ್‌ಗೆ ಅವರೆಲ್ಲ ಹಾಗೇ ಅನ್ನುವುದು. ಎರಡು ಕಡೆಯಿಂದ ಬರುವುದು, ಒಂದು ಕಡೆಗೆ ಹೋಗುವುದು, ಎರಡೂ ಒಟ್ಟಿಗೆ ಸೇರುವ ಹಾಗಿಲ್ಲ. ನೀರುಗಂಟಿಗಿಂತ ಇದೇ ಸರಿಯಾದ ಹೋಲಿಕೆ ಎಂದು ಒಪ್ಪಿಕೊಳ್ಳಬೇಕಾಯಿತು. ಪದ ಇಂಗ್ಲಿಷಿನದು ನಿಜ. ಆದರೆ ಊರಿನ ಬಾಯಲ್ಲಿ ನುಣುಪಾಗಿದೆ. ನಾನು ಕಟ್ಟಿದ ‘ಸರದಿ ಪೆಟ್ಟಿಗೆ’ ಎಂಬ ಹೆಸರನ್ನು ಇಡೀ ಊರಲ್ಲಿ ಒಬ್ಬರೂ ಕೇಳಿಲ್ಲ.

ಕ್ರಿಯಾಪದದ ಗೊಂದಲ ಇದಕ್ಕಿಂತ ಜಾಸ್ತಿ. ‘ಬದಲಿಸು’ ಅಂತ ಚೀಟಿಯಲ್ಲಿ ಬರೆದಿದ್ದೆ. ಅಂಗಡಿಯಲ್ಲಿ ಟೈಪ್ ಮಾಡುವ ಹುಡುಗಿ ಕೇಳಿದಳು: ‘ಏನನ್ನ ಬದಲಿಸ್ಬೇಕು ಸರ್, ಮಾನಿಟರ್‌ನಾ?’ ಸುಮ್ನೆ ತಮಾಷೆಗೆ ಕೇಳಿದ್ದಲ್ಲ. ಬಲ್ಬು ಕೆಟ್ಟರೆ ಬದಲಿಸುತ್ತೇವೆ, ಅಂದರೆ ಹಳೆಯದನ್ನು ತೆಗೆದು ಹೊಸದು ಹಾಕುತ್ತೇವೆ. ‘ತಿರುಗಿಸು’ ಆಗಬಹುದು. ಟಿವಿಗೆ ತಿರುಪು ಇದ್ದ ಕಾಲದಿಂದ ಚಾನೆಲ್ ‘ತಿರುಗಿಸುತ್ತಾ’ ಬಂದಿದ್ದೇವೆ, ರಿಮೋಟ್ ಬಂದ ಮೇಲೂ ಬಿಟ್ಟಿಲ್ಲ. ಆದರೆ ಆ ಹುಡುಗಿ ಏನನ್ನುತ್ತಾಳೆ ಎಂದು ಎರಡು ದಿನ ಗಮನಿಸಿದೆ. ‘ಅಣ್ಣಾ, ಹಳೇದು ಹಾಕಿ’ ಅನ್ನುತ್ತಾಳೆ. ‘ಹೊಸದು ಹಾಕ್ತೀನಿ, ಇರಿ’ ಅನ್ನುತ್ತಾಳೆ. ಲೈಟ್ ಹಾಕು, ಫ್ಯಾನ್ ಹಾಕು, ಹಾಡು ಹಾಕು ಇದ್ದ ಹಾಗೆ. ನಾನು ಇಷ್ಟು ದಿನ ಪದಕೋಶ ಹುಡುಕುತ್ತಿದ್ದಾಗ ಉತ್ತರ ಎರಡಡಿ ದೂರದಲ್ಲಿ ಕೂತು ಪಹಣಿ ಪ್ರಿಂಟ್ ತೆಗೆಯುತ್ತಿತ್ತು.

ಹಾಗಿದ್ದರೆ ಇಲ್ಲಿಗೆ ಬಂದು ಕೇಳುವುದೇನು? ಎರಡು ವಿಷಯ. ನೀರಾವರಿ ಊರಿನವರು ಯಾರಾದರೂ ಇದ್ದರೆ, ಒಂದು ಗದ್ದೆಗೆ ಮುಚ್ಚಿ ಇನ್ನೊಂದಕ್ಕೆ ನೀರು ಬಿಡುವ ಆ ಕೆಲಸಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ನಮ್ಮಲ್ಲಿ ‘ನೀರು ಕಟ್ಟು’, ‘ನೀರು ತಿರುವು’ ಎರಡೂ ಕೇಳಿದ್ದೇನೆ. ಅಡಿಕೆ ತೋಟದ ಕಡೆ ಬೇರೆ ಏನಾದರೂ ಇರಬೇಕು. ಎರಡನೆಯದು, ಒಂದೇ ಬಾವಿ, ಒಂದೇ ಒರಳು, ಒಂದೇ ನೇಗಿಲನ್ನು ಎರಡು ಮನೆಯವರು ಸರದಿಯ ಮೇಲೆ ಬಳಸುವುದಕ್ಕೆ ನಿಮ್ಮ ಅಜ್ಜಿ-ತಾತಂದಿರ ಬಾಯಲ್ಲಿ ಒಂದೇ ಪದ ಇತ್ತೇ? ‘ಹಂಚಿಕೊಳ್ಳು’ ಅನ್ನುತ್ತಿದ್ದರೇ, ಬೇರೆ ಏನಾದರೂ ಅನ್ನುತ್ತಿದ್ದರೇ?

ಸದ್ಯಕ್ಕೆ ಗುಂಡಿಯ ಎಡಕ್ಕೆ ‘ಹಳೇದು’, ಬಲಕ್ಕೆ ‘ಹೊಸದು’ ಎಂದು ಬರೆದು ಅಂಟಿಸಿದ್ದೇವೆ. ಹೊಸದು ಹಳೆಯದಾದ ದಿನ ಚೀಟಿ ಕಿತ್ತು ಬೇರೆ ಬರೆಯಬೇಕಾಗುತ್ತದೆ. ಅಷ್ಟರೊಳಗೆ ಉತ್ತರಿಸಿ.