ಪದವಿಚಾರ: ‘ಪಾಸ್‌ವರ್ಡ್ ಮ್ಯಾನೇಜರ್’ ನಿರ್ವಾಹಕನೋ, ತಿಜೋರಿಯೋ?

ಮಾನ್ಯರೇ,

ಅಂಗಡಿಯ ಆನ್‌ಲೈನ್ ಖಾತೆಗಳನ್ನು ಭದ್ರವಾಗಿಟ್ಟುಕೊಳ್ಳುವ ಬಗೆಯನ್ನು ಹುಬ್ಬಳ್ಳಿಯ ಸಣ್ಣ ವ್ಯಾಪಾರಿಗಳಿಗೆ ತಿಳಿಸುವ ಕಿರು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಪಾಸ್‌ವರ್ಡ್ ಮ್ಯಾನೇಜರ್’ ಎಂಬ, ಎಲ್ಲ ಖಾತೆಗಳ ಪಾಸ್‌ವರ್ಡುಗಳನ್ನು ಒಂದೆಡೆ ಕಾಪಾಡಿಡುವ ತಂತ್ರಾಂಶಕ್ಕೆ ಕರಡಿನಲ್ಲಿ ‘ಗುಪ್ತಪದ ನಿರ್ವಾಹಕ’ ಎಂದು ಬರೆದಿದ್ದೆ. ಅದನ್ನು ಓದಿದ ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರು ಜಿಎಸ್‌ಟಿ, ಬ್ಯಾಂಕು, ಇಮೇಲ್ ಮೂರಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡು, ಅದನ್ನು ಉದ್ರಿ ಪುಸ್ತಕದ ರಟ್ಟಿನ ಒಳಬದಿಗೆ ಪೆನ್ಸಿಲಿನಲ್ಲಿ ಬರೆದಿಟ್ಟವರು. ಅವರು ಕೇಳಿದ್ದು ಹೀಗೆ: “ಈ ನಿರ್ವಾಹಕರು ಯಾರ್ರೀ? ನಮ್ಮ ಪಾಸ್‌ವರ್ಡ್ ಎಲ್ಲಾ ಅವರ ಕೈಯಾಗ ಕೊಡಬೇಕೇನ್ರೀ?”

ತಪ್ಪು ಅವರದಲ್ಲ, ನನ್ನ ಪದದ್ದು. ಸಾರಿಗೆ ಬಸ್ಸಿನಲ್ಲಿ ಟಿಕೆಟು ಕೊಡುವವರು ನಿರ್ವಾಹಕರು, ಬ್ಯಾಂಕಿನ ಶಾಖೆಯಲ್ಲಿ ಕೂರುವವರು ವ್ಯವಸ್ಥಾಪಕರು. ಚಾಲಕ, ಲೇಖಕ, ಶಿಕ್ಷಕ ಎಂಬಂತೆ ಈ ಬಗೆಯ ಪದಗಳು ಕನ್ನಡದ ಕಿವಿಗೆ ಮೊದಲು ಮನುಷ್ಯರನ್ನೇ ತೋರುತ್ತವೆ. (‘ಗಣಕ’ ಯಂತ್ರವನ್ನೂ ಹೇಳುತ್ತದೆ ನಿಜ, ಆದರೆ ಅದಕ್ಕೂ ಯಂತ್ರ ಎಂಬುದನ್ನು ಸೇರಿಸಿ ‘ಗಣಕಯಂತ್ರ’ ಎಂದೇ ನಾವು ಹೇಳುತ್ತ ಬಂದಿದ್ದೇವೆ.) ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ಒಂದು ಪುಟದಲ್ಲಿ ಬರೆದು, ಮುಂದಿನ ಪುಟದಲ್ಲಿ ನಿರ್ವಾಹಕನಿಗೆ ಒಪ್ಪಿಸಿ ಎಂದರೆ ಓದುವವರು ನಂಬುವುದಾದರೂ ಹೇಗೆ?

‘ಗುಪ್ತಪದ’ದ ಬಗ್ಗೆ ನನಗೆ ತಕರಾರಿಲ್ಲ. ಸಂಸ್ಕೃತದ ‘ಗುಪ್’ ಧಾತುವಿಗೆ ಕಾಪಾಡು ಎಂಬುದು ಮುಖ್ಯ ಅರ್ಥವಾದ್ದರಿಂದ ಗುಪ್ತ ಎಂದರೆ ಬಚ್ಚಿಟ್ಟದ್ದು ಮಾತ್ರವಲ್ಲ, ಕಾಪಾಡಿದ್ದೂ ಹೌದು. ಆದರೂ ಅಂಗಡಿಯಲ್ಲಿ ಆಡುವ ಮಾತು ಪಾಸ್‌ವರ್ಡ್ ಒಂದೇ ಆಗಿರುವುದರಿಂದ ಕೈಪಿಡಿಯಲ್ಲಿ ಅದನ್ನೇ ಉಳಿಸಿಕೊಳ್ಳುತ್ತೇನೆ.

ನನ್ನ ಸೂಚನೆ ‘ಪಾಸ್‌ವರ್ಡ್ ತಿಜೋರಿ’. ಬಿಟ್‌ವಾರ್ಡನ್, ಕೀಪಾಸ್ ಮುಂತಾದ ಇಂಥ ತಂತ್ರಾಂಶಗಳು ಒಂದೊಂದು ಖಾತೆಗೂ ಬೇರೆ ಬೇರೆಯಾದ ಉದ್ದನೆಯ ಪಾಸ್‌ವರ್ಡನ್ನು ತಾವೇ ಹುಟ್ಟಿಸಿ, ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಒಂದೆಡೆ ಇಡುತ್ತವೆ. ಅದನ್ನು ತೆರೆಯುವ ಪಾಸ್‌ವರ್ಡ್ ಮಾಲೀಕರ ನೆನಪಿನಲ್ಲಿರಬೇಕು. ತಿಜೋರಿ ಎಂದ ಕೂಡಲೇ ಅದು ವಸ್ತು, ನಮ್ಮದು, ಕೀಲಿಕೈ ನಮ್ಮ ಸೊಂಟದಲ್ಲಿದೆ ಎಂಬ ಮೂರೂ ಅರ್ಥಗಳು ವಿವರಣೆಯಿಲ್ಲದೆ ಬರುತ್ತವೆ. 2022ರಲ್ಲಿ ಇದೇ ಬಗೆಯ ತಂತ್ರಾಂಶ ಒದಗಿಸುವ ಲಾಸ್ಟ್‌ಪಾಸ್ ಸಂಸ್ಥೆಯಿಂದ ಕಳ್ಳರು ಗ್ರಾಹಕರ ಇಂಥ ಕಡತಗಳ ಪ್ರತಿಗಳನ್ನು ಹೊತ್ತೊಯ್ದಾಗ ಆದದ್ದನ್ನೂ ಈ ಪದದಲ್ಲಿ ಸುಲಭವಾಗಿ ಹೇಳಬಹುದು: ತಿಜೋರಿ ಕಳ್ಳರ ಕೈಸೇರಿತು, ಆದರೆ ಕೀಲಿ ಗಟ್ಟಿಯಿದ್ದವರ ಪಾಸ್‌ವರ್ಡುಗಳನ್ನು ತೆಗೆಯುವುದು ಬಲು ಕಷ್ಟ, ದುರ್ಬಲವಿದ್ದವರಿಗೆ ಅಪಾಯ ಉಳಿಯಿತು.

ಈ ಹೋಲಿಕೆ ಎಲ್ಲ ಕಡೆಗೂ ಹೊಂದುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ನಕಲಿ ಜಾಲತಾಣವೊಂದು ಎದುರಾದರೆ ಬ್ರೌಸರಿಗೆ ಜೋಡಿಸಿಕೊಂಡ ಈ ತಂತ್ರಾಂಶವು ವಿಳಾಸ ಹೊಂದಲಿಲ್ಲವೆಂದು ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ. ಆ ಎಚ್ಚರ ತಿಜೋರಿಗಿಲ್ಲ, ಹಳೆಯ ಗುಮಾಸ್ತರಿಗಿದೆ. ಹಾಗೆಂದು ‘ಗುಮಾಸ್ತ’ ಎಂದರೆ ಮತ್ತೆ ಮನುಷ್ಯನೇ ಬಂದು ನಿಲ್ಲುತ್ತಾನೆ.

ನನಗೆ ನಿಜವಾಗಿ ತೊಡಕಾಗಿರುವುದು ‘ಮಾಸ್ಟರ್ ಪಾಸ್‌ವರ್ಡ್’, ಅಂದರೆ ಈ ತಿಜೋರಿಯನ್ನು ತೆರೆಯುವ ಆ ಒಂದು ಪಾಸ್‌ವರ್ಡ್. ಲಾಡ್ಜಿನ ಮಾಸ್ಟರ್ ಕೀ ಎಲ್ಲ ಕೋಣೆಗಳನ್ನೂ ತಾನೇ ತೆರೆಯುತ್ತದೆ. ಇದು ಹಾಗಲ್ಲ, ಉಳಿದ ಕೀಲಿಕೈಗಳಿರುವ ಪೆಟ್ಟಿಗೆಯನ್ನಷ್ಟೇ ತೆರೆಯುತ್ತದೆ. ಆದ್ದರಿಂದ ‘ತಿಜೋರಿ ಕೀಲಿ’ ಎನ್ನೋಣವೆಂದರೆ, ನಮ್ಮ ಧಾರವಾಡದ ಕಡೆ ಕೀಲಿ ಎಂದರೆ ಬೀಗ, ಅದನ್ನು ತೆರೆಯುವುದು ಕೀಲಿಕೈ. ಅತ್ತ ‘ಕೀಲಿಮಣೆ’ಯ (ಕೀಬೋರ್ಡಿನ) ಕೀಲಿ ಇನ್ನೊಂದು. ‘ಬೀಗದಕೈ’ ಎನ್ನುವ ಮೈಸೂರು ಸೀಮೆಯವರಿಗೆ ‘ತಿಜೋರಿ ಕೀಲಿಕೈ’ ಸಹಜವಾಗಿ ಕೇಳಿಸೀತೇ? ಕರಾವಳಿಯ ಅಂಗಡಿಗಳಲ್ಲಿ ತಿಜೋರಿ ಎಂಬ ಮಾತೇ ಬಳಕೆಯಲ್ಲಿದೆಯೋ, ಬೇರೊಂದಿದೆಯೋ? ತಮ್ಮ ಊರಿನ ವ್ಯಾಪಾರಿಗಳು ಆಡುವ ಪದವನ್ನೇ ತಿಳಿಸಿದರೆ ಕರಡನ್ನು ತಿದ್ದಿಕೊಳ್ಳುತ್ತೇನೆ.