ವೇಕೊ ದಾಳಿ: ಒಳಗಿದ್ದ ಏಜೆಂಟ್ ಬಂದು ಹೇಳಿದ ಮೇಲೂ ಯಾಕೆ ಹೋದರು?

ರಾತ್ರಿಪಾಳಿ
ನಿನ್ನೆ ‘ಆಂಬುಷ್ ಇನ್ ವೇಕೊ’ ನೋಡಿದೆ. 1993ರ ಮೇ 23ರಂದು ಎನ್‌ಬಿಸಿಯಲ್ಲಿ ಬಂದ ಟಿವಿ ಸಿನಿಮಾ. ಅಮೆರಿಕದ ಟೆಕ್ಸಸ್‌ನ ವೇಕೊ ಹತ್ತಿರ ಹಿಂಬಾಲಕರ ಜೊತೆ ನೆಲೆಸಿದ್ದ ಧಾರ್ಮಿಕ ಪಂಥದ ನಾಯಕ ಡೇವಿಡ್ ಕೊರೆಶ್ ಪಾತ್ರ ಟಿಮ್ ಡೇಲಿ ಅವರದು. ಆಮೇಲೆ ಆ ಘಟನೆಯ ಬಗ್ಗೆ ಓದುತ್ತಾ ಕೂತೆ. ರಾಬರ್ಟ್ ರೊಡ್ರಿಗೇಜ್ ಅನ್ನೋ ಎಟಿಎಫ್ (ಮದ್ಯ, ತಂಬಾಕು, ಬಂದೂಕುಗಳ ಕಾನೂನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ) ಏಜೆಂಟ್ ಸುಳ್ಳು ಹೆಸರಿನಲ್ಲಿ ಕೊರೆಶ್ ಜೊತೆ ಓಡಾಡಿಕೊಂಡಿದ್ದರಂತೆ. ಎಟಿಎಫ್ ದಾಳಿ ಮಾಡಿದ ದಿನ ಬೆಳಿಗ್ಗೆಯೂ ಕೊರೆಶ್ ಇದ್ದ ಜಾಗದ ಒಳಗೇ ಇದ್ದರಂತೆ. ಹೊರಗೆ ಬಂದು ‘ನಾವು ಬರೋದು ಅವನಿಗೆ ಗೊತ್ತಾಗಿದೆ’ ಅಂತ ಹೇಳಿದರಂತೆ. ಆದರೂ ದಾಳಿ ನಡೆದು ನಾಲ್ವರು ಏಜೆಂಟರು ಸತ್ತರು. ಇದು ನಿಜವಾ? ನಿಜವಾದರೆ ಯಾಕೆ ನಿಲ್ಲಿಸಲಿಲ್ಲ?

ನಾನು ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವವಳು. ಕಂಡಿದ್ದನ್ನು ಮೇಲಿನವರಿಗೆ ಫೋನಿನಲ್ಲಿ ಹೇಳೋದೇ ನನ್ನ ಕೆಲಸ. ಅದಕ್ಕೇ ಇದು ತಲೆಯಿಂದ ಹೋಗುತ್ತಿಲ್ಲ.

ಹಳೇಪುಟ
ನಿಜ ಮೇಡಂ. ಆಗ ಎಟಿಎಫ್ ಇದ್ದದ್ದು ಖಜಾನೆ ಇಲಾಖೆಯ ಕೆಳಗೆ. ಅದೇ ಇಲಾಖೆ 1993ರ ಸೆಪ್ಟೆಂಬರ್‌ನಲ್ಲಿ ತಂದ ವರದಿಯಲ್ಲಿ ಇದೆಲ್ಲ ಇದೆ.

ಜನವರಿಯಲ್ಲೇ ಏಜೆಂಟರು ಕೊರೆಶ್ ಜಾಗದ ಎದುರಿನ ಮನೆಗೆ ಬಂದು ಸೇರಿದ್ದರು. ಕಾಲೇಜು ವಿದ್ಯಾರ್ಥಿಗಳು ಅಂತ ಹೇಳಿಕೊಂಡರು. ಆದರೆ ವಿದ್ಯಾರ್ಥಿಗಳಿಗೆ ಅವರ ವಯಸ್ಸು ಜಾಸ್ತಿ, ಕಾರುಗಳೂ ಹೊಸವು. ಕೊರೆಶ್ ಕಡೆಯವರಿಗೆ ಆಗಲೇ ಅನುಮಾನ ಬಂದಿತ್ತು.

ಫೆಬ್ರವರಿ 28, ಭಾನುವಾರ. ಟಿವಿ ಕ್ಯಾಮರಾಮನ್ ಒಬ್ಬರು ಜಾಗ ಹುಡುಕುತ್ತಾ ಒಬ್ಬ ಅಂಚೆಯವರ ಹತ್ತಿರ ದಾರಿ ಕೇಳಿದರು. ಆ ಅಂಚೆಯವರೇ ಕೊರೆಶ್‌ನ ಭಾವಮೈದ! ಸುದ್ದಿ ಒಳಗೆ ಮುಟ್ಟಿತು. ಆಗ ರೊಡ್ರಿಗೇಜ್ ಅವರು ಕೊರೆಶ್ ಜೊತೆ ಬೈಬಲ್ ವಿಷಯ ಮಾತಾಡುತ್ತಾ ಕೂತಿದ್ದರು. ಯಾರೋ ಕರೆದರು ಅಂತ ಎದ್ದು ಹೋದ ಕೊರೆಶ್ ನಡುಗುತ್ತಾ ವಾಪಸ್ ಬಂದ.

ರೊಡ್ರಿಗೇಜ್ ಹೇಗೋ ಹೊರಬಂದು, ಎದುರಿನ ಮನೆಯಿಂದ ಕಮಾಂಡರ್‌ಗೆ ಫೋನಿನಲ್ಲಿ ವಿಷಯ ತಿಳಿಸಿದರು. ಆ ಕಡೆಯಿಂದ ಬಂದ ಪ್ರಶ್ನೆಗಳು ನೋಡಿ: ಬಂದೂಕು ಕಂಡಿತಾ? ಯಾರಾದರೂ ಗಡಿಬಿಡಿಯಲ್ಲಿ ಓಡಾಡುತ್ತಿದ್ದರಾ? ಎರಡಕ್ಕೂ ಇಲ್ಲ ಅನ್ನೋದೇ ಉತ್ತರ. ‘ಹಾಗಾದರೆ ಇನ್ನೂ ಟೈಮ್ ಇದೆ, ಬೇಗ ಹೋಗೋಣ’ ಅಂತ ಆ ಕಡೆ ಲೆಕ್ಕ ಹಾಕಿದರು. ಗುಟ್ಟು ರಟ್ಟಾದರೆ ದಾಳಿ ಕೈಬಿಡಬೇಕು ಅಂತ ಮೊದಲೇ ಹೇಳಲಾಗಿತ್ತು ಅನ್ನುತ್ತೆ ವರದಿ. ಗುಟ್ಟು ರಟ್ಟಾಗಿದೆ ಅನ್ನೋದೇ ಆ ಫೋನಿನ ಸುದ್ದಿ, ಅಲ್ವಾ?

ಮಳೆಬಿಲ್ಲು
1995ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ರೊಡ್ರಿಗೇಜ್ ಅವರೇ ಸಾಕ್ಷಿ ಹೇಳಿದ್ದಾರೆ. ಫೋನ್ ಇಟ್ಟು ಕಮಾಂಡ್ ಪೋಸ್ಟ್‌ಗೆ ಬಂದರೆ ಕಮಾಂಡರ್ ಆಗಲೇ ಹೊರಟುಹೋಗಿದ್ದರು. ಹೊರಗೆ ಕೂತು ಅತ್ತುಬಿಟ್ಟೆ ಅಂದಿದ್ದಾರೆ.

ಸಿನಿಮಾ ಮಾತ್ರ ನಂಬಬೇಡಿ. ದಾಳಿಯ ಬೆನ್ನಲ್ಲೇ ಶುರುವಾದ 51 ದಿನದ ಮುತ್ತಿಗೆ ವೇಕೊದಲ್ಲಿ ಇನ್ನೂ ನಡೆಯುತ್ತಿದ್ದಾಗಲೇ ಓಕ್ಲಹೋಮಾದಲ್ಲಿ ಶೂಟಿಂಗ್ ಶುರುವಾಗಿತ್ತು. ವರದಿ ಬಂದದ್ದು ಸಿನಿಮಾ ಪ್ರಸಾರವಾಗಿ ನಾಲ್ಕು ತಿಂಗಳ ಮೇಲೆ.

ರಾತ್ರಿಪಾಳಿ
ಇಬ್ಬರಿಗೂ ಥ್ಯಾಂಕ್ಸ್. ರೊಡ್ರಿಗೇಜ್ ನಡುಗುತ್ತಿದ್ದ ಮನುಷ್ಯನ ಬಗ್ಗೆ ಹೇಳಿದರು, ಕಮಾಂಡರ್ ಬಂದೂಕಿನ ಬಗ್ಗೆ ಕೇಳಿದರು. ಈ ಫೋನ್ ಮಾತುಕತೆ ಪೂರ್ತಿ ಓದಬೇಕು. ವರದಿಯ ಯಾವ ಭಾಗದಲ್ಲಿದೆ ಹೇಳ್ತೀರಾ?