ಪದಚರ್ಚೆ: ‘ಫ್ಯಾಂಡಮ್’ಗೆ ‘ಒಕ್ಕಲು’ ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

‘ಫ್ಯಾನ್’ಗೆ ‘ಅಭಿಮಾನಿ’ ಇದೆಯಲ್ಲ, ಇನ್ನೇನು ಬೇಕು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ತಕರಾರು ಒಬ್ಬೊಬ್ಬ ಅಭಿಮಾನಿಯ ಬಗ್ಗೆ ಅಲ್ಲ, ಅವರ ಕೂಟದ ಬಗ್ಗೆ. ಒಂದು ಕಲ್ಪಿತ ಕಥಾಲೋಕವನ್ನು ಹಚ್ಚಿಕೊಂಡು, ಬದುಕಿಡೀ ಅದನ್ನೇ ಮತ್ತೆ ಮತ್ತೆ ಓದುತ್ತ, ಅದರ ನಕಾಶೆ, ವಂಶಾವಳಿ, ಲಿಪಿಗಳ ಮೇಲೆ ಜಗಳವಾಡುವ ಜನರನ್ನು ಇಂಗ್ಲಿಷಿನವರು ಒಟ್ಟಾಗಿ ‘ಫ್ಯಾಂಡಮ್’ ಎನ್ನುತ್ತಾರೆ. ನಾವೇನೆನ್ನೋಣ?

ಪ್ರಶ್ನೆ ಎದ್ದದ್ದು ಅಕ್ಕನಿಂದ. ಕಾಲೇಜಿನ ದಿನಗಳಿಂದ ‘ಲಾರ್ಡ್ ಆಫ್ ದ ರಿಂಗ್ಸ್’ ಓದುತ್ತಲೇ ಇರುವವಳು ಅವಳು. ಅದರ ಸುದ್ದಿ ತೆಗೆದರೆ ಮನೆಯವರೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆವು. ಈಚೆಗೆ, ಆ ಕಾದಂಬರಿ ಬರೆದ ಟೋಲ್ಕೀನನ ಹೆಸರಿನ ಓದುಗರ ಸಂಘವಾದ ಟೋಲ್ಕೀನ್ ಸೊಸೈಟಿಯ ಸದಸ್ಯಳಾಗಿದ್ದಾಳೆ. ಫೋನಿನಲ್ಲಿ ಅವಳ ಮೊದಲ ಮಾತು: “ನಮ್ಮ ಕಡೆಯವ್ರು ಸಿಕ್ಕಿದ್ರು ಕಣೋ!” ಹಿಗ್ಗಿಗೆ ಮಾತೇ ನಿಲ್ಲುತ್ತಿರಲಿಲ್ಲ. ಈ ಸಂತೋಷಕ್ಕೆ ‘ಹಿಗ್ಗು’ ಎಂಬುದೇ ಸರಿ. ‘ಸಡಗರ’ಕ್ಕೆ ಮನೆ ತುಂಬ ಜನ ಬೇಕು, ‘ಪುಳಕ’ ಕ್ಷಣದಲ್ಲಿ ಮುಗಿಯುತ್ತದೆ.

ಆ ಸೊಸೈಟಿ ಹುಟ್ಟಿದ್ದು 1969ರಲ್ಲಿ, ಬ್ರಿಟನ್ನಿನಲ್ಲಿ. ಅದರ ಊರೂರಿನ ಶಾಖೆಗಳಿಗೆ ‘ಸ್ಮಯಲ್’ ಎಂದು ಹೆಸರು, ಅಂದರೆ ಆತನ ಕಥೆಯ ಕುಳ್ಳ ಜನರಾದ ಹಾಬಿಟ್‌ಗಳು ವಾಸಿಸುವ ಬಿಲ. ‘ಬಿಲ’ ಎಂಬರ್ಥದ ‘ಸ್ಮಿಗೆಲ್’ ಎಂಬ ಹಳೆಯ ಇಂಗ್ಲಿಷ್ ಪದ ಇಂದಿನವರೆಗೆ ಉಳಿದಿದ್ದರೆ ಹೇಗಿರುತ್ತಿತ್ತೋ ಹಾಗೆ ಟೋಲ್ಕೀನ್ ಕಟ್ಟಿದ ರೂಪ ಅದು. ಅನುವಾದಕರಿಗೆಂದು ಆತ ಬರೆದಿಟ್ಟ ಟಿಪ್ಪಣಿಯಲ್ಲಿ ಈ ಪದವನ್ನು ಮುಟ್ಟಬೇಡಿ ಎಂದಿದ್ದಾನೆ, ಹಾಗಾಗಿ ನಾವೂ ಮುಟ್ಟುವುದು ಬೇಡ. ಜನವರಿ 3 ಆತ ಹುಟ್ಟಿದ ದಿನ (1892). ಅಂದು ರಾತ್ರಿ 9ಕ್ಕೆ ಅವರವರ ಊರಿನ ಹೊತ್ತಿಗೆ ಲೋಟ ಎತ್ತಿ ‘ದ ಪ್ರೊಫೆಸರ್’ ಎನ್ನುತ್ತಾರೆ (ಟೋಲ್ಕೀನ್ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರಾಗಿದ್ದ). ಕಥೆಯಲ್ಲಿ ಆ ಕೇಡಿನ ಉಂಗುರ ನಾಶವಾದ ದಿನವೆಂದು ಮಾರ್ಚ್ 25ರಂದು ಪುಸ್ತಕ ತೆಗೆದು ಓದುತ್ತಾರೆ. ನನಗೆ ಮಜವೆನಿಸಿದ್ದು ಇನ್ನೊಂದು: ಟೋಲ್ಕೀನ್ 1973ರಲ್ಲಿ ತೀರಿಕೊಂಡ ಮೇಲೂ ಸೊಸೈಟಿಯ ಅಧ್ಯಕ್ಷ ಆತನೇ, ಎಂದೆಂದಿಗೂ.

ಇದನ್ನು ‘ಅಭಿಮಾನಿ ಬಳಗ’ ಎಂದರೆ ನಮ್ಮ ಕಿವಿಗೆ ಕಟೌಟು, ಹಾಲಿನ ಅಭಿಷೇಕ, ಮೊದಲ ದಿನದ ಮೊದಲ ಆಟ ಕೇಳಿಸುತ್ತವೆ. ಕನ್ನಡದಲ್ಲಿ ಈ ಪದ ಸಿನಿಮಾದ ಕೈಯಲ್ಲಿ ಪಳಗಿದ್ದು. ಡಾ. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳು’ ಎಂದು ಕರೆದು ದೇವರನ್ನೂ ಭಕ್ತನನ್ನೂ ಅದಲುಬದಲು ಮಾಡಿಬಿಟ್ಟರು. ಅಲ್ಲಿ ಅಭಿಮಾನ ಹರಿಯುವುದು ಒಬ್ಬ ವ್ಯಕ್ತಿಯತ್ತ. ಅಕ್ಕನ ಕೂಟದವರು ಪ್ರೊಫೆಸರನ್ನು ನೆನೆಯುತ್ತಾರೆ ನಿಜ, ಆದರೆ ಬಾಳುವುದು ಆತ ಕಟ್ಟಿದ ಲೋಕದಲ್ಲಿ.

ಅದಕ್ಕೇ ‘ಒಕ್ಕಲು’ ನೆನಪಾಯಿತು. ರೈತ, ಗೇಣಿದಾರ ಎಂಬ ಅರ್ಥ ಎಲ್ಲರಿಗೂ ಗೊತ್ತು. ಆದರೆ “ನಾವು ಮಾದಪ್ಪನ (ಮಲೆ ಮಹದೇಶ್ವರನ) ಒಕ್ಕಲು” ಎನ್ನುವಾಗ ಅದು ಒಂದು ದೇವರಿಗೆ ನಡೆದುಕೊಳ್ಳುವ ಮನೆತನಗಳ ಗುಂಪು. ಹರಕೆ, ಪರಸೆ, ರಾತ್ರಿಯಿಡೀ ಹಾಡುವ ಕಥೆ ಎಲ್ಲವೂ ಅವರದು. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುತ್ತಾರೆ. ಹಾಗಾದರೆ ಸೇರುವುದು ‘ಒಕ್ಕಲಾಗುವುದು’. (ಜಗಳವಾಡಿ ಹೊರಬಿದ್ದವರಿಗೆ ‘ಒಕ್ಕಲೆಬ್ಬಿಸಿದರು’ ಕೂಡ ಸಿದ್ಧವಾಗಿಯೇ ಇದೆ.) ಇಂಗ್ಲಿಷ್ ‘ಫ್ಯಾನ್’ ಬಂದದ್ದು ‘ಫೆನಾಟಿಕ್’ನಿಂದ, ಅದರ ಬೇರು ಲ್ಯಾಟಿನ್ನಿನ ‘ಫಾನುಮ್’, ಅಂದರೆ ಗುಡಿ. ಗುಡಿಯ ನಂಟು ಆ ಕಡೆಯೂ ಇದೆ.

ಎದುರುವಾದವೂ ಉಂಟು. ದೇವರ ಒಕ್ಕಲೆನಿಸುವುದು ಹುಟ್ಟಿನಿಂದ ಬರುವಂಥದ್ದು. ಅಕ್ಕ ತಾನಾಗಿ ಆರಿಸಿಕೊಂಡದ್ದು. ಜೊತೆಗೆ ಜಾತಿಯ ಹೆಸರಿನ ನೆರಳೂ ಬೀಳುತ್ತದೆ. ಆರಿಸಿಕೊಂಡ ನಿಷ್ಠೆಗೆ ಹಳಗನ್ನಡದ ‘ಗುಡ್ಡ’ ಇದೆ, ಅಂದರೆ ಶಿಷ್ಯ: ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜ ಜೈನ ಗುರು ಶುಭಚಂದ್ರ ಸಿದ್ಧಾಂತದೇವರ ಗುಡ್ಡ, ಹೆಂಗಸಾದರೆ ಗುಡ್ಡಿ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರಲ್ಲಿ ಅದು ಇನ್ನೂ ಜೀವಂತ. ಆದರೆ ಇಂದಿನ ಓದುಗ ‘ಟೋಲ್ಕೀನ್ ಗುಡ್ಡ’ ಎಂದರೆ ಟ್ರೆಕ್ಕಿಂಗ್ ಜಾಗ ಎಂದುಕೊಂಡಾನು.

‘ಪಂಥ’ ಎನ್ನಬಹುದಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಟೋಲ್ಕೀನನೇ ತನ್ನ ಅಭಿಮಾನಿಗಳ ಹುಚ್ಚಿಗೆ ಅಂಥದೇ ಅರ್ಥದ ‘ಕಲ್ಟಸ್’ ಎಂಬ ಪದ ಬಳಸಿದ್ದ, ಬೇಸರದಲ್ಲಿ. ಅಮೆರಿಕದ ಓದುಗರು ಅಲ್ಲಿಯ ಹಗಲಿನಲ್ಲಿ, ಆಕ್ಸ್‌ಫರ್ಡಿನ ನಡುರಾತ್ರಿಯಲ್ಲಿ, ಫೋನು ಮಾಡುತ್ತಿದ್ದರಂತೆ, ಬೇಸರವಾಗದೆ ಇನ್ನೇನು? ಆ ಕಹಿ ಪದದಲ್ಲಿ ಅಕ್ಕನ ಹಿಗ್ಗು ಹಿಡಿಸುವುದಿಲ್ಲ. ನನ್ನ ಓಟು ಸದ್ಯಕ್ಕೆ ‘ಒಕ್ಕಲು’ಗೇ. “ಅವಳು ಈಗ ಮಧ್ಯಭೂಮಿಯ (ಟೋಲ್ಕೀನ್ ಕಟ್ಟಿದ ‘ಮಿಡಲ್-ಅರ್ಥ್’ ಲೋಕದ) ಒಕ್ಕಲು” ಎಂದು ಬರೆದು ನೋಡಿದೆ, ನನಗಂತೂ ಒಗ್ಗಿತು.

ಬಲ್ಲವರು ಎರಡು ವಿಷಯ ತಿಳಿಸಿ. ಚಾಮರಾಜನಗರ, ಕೊಳ್ಳೇಗಾಲದ ಕಡೆ ಹೊರಗಿನಿಂದ ಬಂದು ನಡೆದುಕೊಳ್ಳುವವರನ್ನೂ ‘ಒಕ್ಕಲು’ ಎನ್ನುತ್ತಾರೆಯೇ, ಅಥವಾ ಹುಟ್ಟಿನವರನ್ನು ಮಾತ್ರವೇ? ಉತ್ತರ ಕರ್ನಾಟಕದಲ್ಲಿ “ಯಲ್ಲಮ್ಮಗ ನಡಕೊಳ್ಳೋರು” ಎಂಬುದನ್ನು ಒಂದೇ ನಾಮಪದದಲ್ಲಿ ಹೇಳುವ ರೂಢಿ ಇದೆಯೇ?